ಅಪ್ಪನ ಬಾಯಲ್ಲಿ ಉಳಿದ ಮಾತು

ಮುನವಳ್ಳಿ
14 ಸೆಪ್ಟೆಂಬರ್ 2024

ಪ್ರೀತಿಯ ಉಮಾಗೆ,

ಅವ್ವನ ಆಶೀರ್ವಾದ. ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಬಂತೆಂದು ಗಾಬರಿಯಾಗಬೇಡ. ನಿಮ್ಮ ಅಪ್ಪ ಮಂಚದ ಮೇಲೆ ಮಲಗಿಯೇ ಎಲ್ಲ ಕೇಳಿಸಿಕೊಳ್ಳುತ್ತಾರೆ, ಎಲ್ಲ ತಿಳಿಯುತ್ತದೆ. ಅವರ ಮಾತಿನ ಈಗಿನ ಸ್ಥಿತಿಯನ್ನು ಅವರ ಮುಂದೆಯೇ ಹೇಗೆ ಬಿಡಿಸಿ ಹೇಳಲಿ? ಅದಕ್ಕೇ ಫೋನಿನಲ್ಲಿ 'ಆರಾಮ ಅದಾರವ್ವಾ' ಎಂದು ಮುಗಿಸಿಬಿಡುತ್ತೇನೆ.

ನೀನು ಧಾರವಾಡದಲ್ಲಿ ಭಾಷಾವಿಜ್ಞಾನ ಓದುತ್ತೇನೆ ಎಂದಾಗ, ತೊಟ್ಟಿಲಲ್ಲೇ ಬಂದ ಮಾತನ್ನು ಕಲಿಯಲಿಕ್ಕೆ ಹಾಸ್ಟೆಲು ಬೇಕೇನು ಎಂದು ನಕ್ಕವಳು ನಾನು. ಲಕ್ವಾ ಹೊಡೆದು ಅಪ್ಪನ ಮಾತು ನಿಂತ ಮೇಲೆ ನಿನ್ನ ಓದೇ ನನಗೆ ಆಸರೆಯಾಗಿದೆ.

ಅಂಗಡಿಯ ಗಾದಿಯ ಮೇಲೆ ಕೂತು ಖಣ, ಇಳಕಲ್ ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತ ಮಾತಿನಲ್ಲೇ ಊರನ್ನು ಗೆದ್ದ ಮನುಷ್ಯ. ಈಗ ಉಳಿದಿರುವುದು ಗಿರಾಕಿ ಹೆಂಗಸರನ್ನು ಕರೆಯುತ್ತಿದ್ದ ಒಂದೇ ಮಾತು: 'ಬರ್ರಿ ಅಕ್ಕಾರ, ಕುಂದರ್ರಿ.' ನೀರು ಬೇಕಾದರೂ ಅದೇ, ಬೆನ್ನು ತುರಿಸಿದರೂ ಅದೇ. ಸಂಸಾರ ಮಾಡಿ ಇಷ್ಟು ವರ್ಷಕ್ಕೆ ನನಗೆ ಈ ಮರ್ಯಾದೆ ಸಿಕ್ಕಿತು ನೋಡು! ನಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ.

ಓಣಿಯ ಸಿದ್ದಲಿಂಗವ್ವ ನೋಡಲು ಬಂದಳು. ಅವಳನ್ನೂ ಸ್ಪಷ್ಟವಾಗಿ ಕರೆದು ಕೂರಿಸಿದರು. 'ಅಯ್ಯ, ಮಾತು ಛಲೋ ಬರತಾವಲ್ಲಬೇ! ನಿನ್ನ ಕೂಡ ಹಟಾ ಹಿಡದಾರ' ಎಂದಳು. ಆಸ್ಪತ್ರೆಗೆ ಬಂದಾಗ ನೀನು ನನಗೆ ತಿಳಿಸಿದ್ದನ್ನು ಅವಳಿಗೆ ತಿಳಿಸಿದೆ. ಹೊಸದಾಗಿ ಜೋಡಿಸಿ ಆಡುವ ಮಾತು ಬೇರೆ, ರೂಢಿಯಿಂದ ತಾನೇ ಉರುಳಿ ಬರುವ ಮಾತು ಬೇರೆ. ಮಿದುಳಿಗೆ ಪೆಟ್ಟಾದಾಗ ಮೊದಲನೆಯದು ಹೋಗಿ ಎರಡನೆಯದು ಉಳಿಯಬಹುದು. ಉಳಿದದ್ದನ್ನು ಹಿಡಿದು ಜಗ್ಗಿದರೆ ಹೋದದ್ದೂ ಅಷ್ಟಿಷ್ಟು ಬಂದೀತು. ಈ ಮೊದಲ ತಿಂಗಳುಗಳೇ ಮುಖ್ಯ ಎಂದೆಯಲ್ಲ, ಆ ಮಾತು ನನ್ನ ಎದೆಯಲ್ಲಿ ಕೂತಿದೆ. ಈಗ ಬಾರದಿದ್ದರೆ ಇನ್ನೆಂದು ಬಂದೀತು?

ನೀನು ಹೇಳಿದಂತೆ ವಾರಗಳ ಹೆಸರು ಶುರುಮಾಡಿ ಕೊನೆಯದನ್ನು ಅವರಿಗೆ ಬಿಟ್ಟೆ. ಬರಲಿಲ್ಲ. ಮಗ್ಗಿಯೂ ಬರಲಿಲ್ಲ. ಅವರ ಹೆಸರನ್ನೇ ಅರ್ಧ ಹೇಳಿ ಬಿಡು ಎಂದಿದ್ದೆಯಲ್ಲ, ಅಲ್ಲಿ ನಾನು ಸಿಕ್ಕಿಬಿದ್ದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೇಳಿ ಬೆಳೆಸಿದವಳು ನಮ್ಮವ್ವ. ನಿನಗೆ ನಗು ಬಂದೀತು. ಅವರು ಹೀಗೆ ಮಲಗಿರುವಾಗ ನನಗೆ ಧೈರ್ಯ ಬರಲಿಲ್ಲ ಮಗಳೇ.

ದಾರಿ ತೋರಿಸಿದವಳು ಸಿದ್ದಲಿಂಗವ್ವನೇ. 'ಒಡಪ ಹಾಕಿ ಹೇಳಬೇ. ಒಡಪಿನ್ಯಾಗ ಹೇಳಿದ್ರ ಏನೂ ಆಗಂಗಿಲ್ಲ' ಎಂದಳು. ಮದುವೆಯಾಗಿ ಬಂದವಳನ್ನು ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಪ್ರಾಸ ಕಟ್ಟಿಸಿ, ಕೊನೆಗೆ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದು. ಅಂದು ನಾನು ಹೇಳಿದ್ದ ಒಡಪನ್ನೇ ನಿನ್ನೆ ಅವರ ಕೈ ಹಿಡಿದು ಹೇಳಿದೆ:

ನವಿಲುತೀರ್ಥದ ನೀರು ಹೊಲಕೆಲ್ಲ ಆಸರ,
ನನ್ನ ಬಾಳಿನ ಆಸರ, ಕೇಳ್ರಿ ಅವರ ಹೆಸರ...

ಅಲ್ಲಿಗೆ ನಿಲ್ಲಿಸಿ ಮುಖ ನೋಡಿದೆ. ತುಟಿ ನಡುಗಿತು, ಹಣೆ ಬೆವರಿತು. 'ಬ...' ಎಂದು ಬಂತು. ಮತ್ತೆ ಅದೇ 'ಬರ್ರಿ ಅಕ್ಕಾರ' ಎಂದುಕೊಂಡೆ. ಆದರೆ ಅವರು ತಲೆಯಲ್ಲಾಡಿಸಿ ಅದನ್ನು ತಾವೇ ತಡೆದರು. ಆಮೇಲೆ ಹೇಳಿದರು: 'ಚನ್ನವ್ವ.'

ಉಮಾ, ಮದುವೆಯಾದಾಗಿನಿಂದ ನಾನು ಅವರಿಗೆ 'ಏ', ನೀನು ಹುಟ್ಟಿದ ಮೇಲೆ 'ಉಮಾನ ಅವ್ವ'. ನನ್ನ ಹೆಸರನ್ನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಕೇಳಿದ್ದು ಗಂಡನ ಹೆಸರು, ಬಂದದ್ದು ಹೆಂಡತಿಯದು. ನಿಮ್ಮ ಪುಸ್ತಕ ಇದನ್ನು ತಪ್ಪು ಉತ್ತರ ಎನ್ನುತ್ತದೇನೋ. ಎನ್ನಲಿ. ನನಗೆ ಬಹಳ ಸಂತೋಷವಾಗಿದೆ.

ರಜೆಗೆ ಬಂದಾಗ ಮುಂದೇನು ಮಾಡಬೇಕೆಂದು ತೋರಿಸಿಕೊಡು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಚನ್ನವ್ವ

ತಾ.ಕ.: ಪೂರ್ತಿ ಹೇಳಿಬಿಡುತ್ತೇನೆ. ನಿನ್ನೆಯಿಂದ 'ಬರ್ರಿ ಅಕ್ಕಾರ' ನಿಂತಿದೆ. ಈಗ ಫ್ಯಾನು ಹಚ್ಚಲಿಕ್ಕೂ ಚನ್ನವ್ವ, ಕಿಟಕಿಯಲ್ಲಿ ಕೂತ ಗುಬ್ಬಿಗೂ ಚನ್ನವ್ವ, ಬೆಳಗ್ಗೆ ಬಂದ ಸಿದ್ದಲಿಂಗವ್ವನೂ ಚನ್ನವ್ವನೇ. ಅದು ನನ್ನ ಹೆಸರೆಂದು ಅವರಿಗೆ ಗೊತ್ತಿದೆಯೋ ಇಲ್ಲವೋ, ಓದಿದವಳು ನೀನು, ನಿನಗೆ ತಿಳಿದರೂ ನನಗೆ ಹೇಳಬೇಡ. ಅವರು ಯಾವುದಕ್ಕೇ ಕರೆಯಲಿ, ನಾನು 'ಓ, ಬಂದೆರಿ' ಎಂದು ಎದ್ದು ಹೋಗುತ್ತೇನೆ.