ಗಾಳಿಯಲ್ಲಿ ನಿಂತ ಕೊಡೆ

ಮಾರ್ಚ್ 4, ಮಂಗಳವಾರ

ಏಳನೆಯದು ಮುಗಿಯಿತು. ಇನ್ನೂ ಹನ್ನೊಂದು ಬಾಕಿ. ನಾಯಕರು ತೀರಿಕೊಂಡು ಮೂರು ದಿನ. ಸ್ಟುಡಿಯೋ ಬಾಗಿಲು ಮುಚ್ಚಲು ಪುರುಸೊತ್ತಿಲ್ಲ. ಎಲ್ಲರಿಗೂ ಬೇಕಿರುವುದು ಒಂದೇ — ಶ್ರದ್ಧಾಂಜಲಿ ವಿಡಿಯೋ, ಒಂದೂವರೆ ನಿಮಿಷ, ಹಿಂದೆ ಕೊಳಲು, ಕೊನೆಗೆ ಉರಿಯುವ ದೀಪ. ಕೆಳಗಡೆ ತಮ್ಮ ಮುಖ.

ಇವತ್ತು ಬಂದ ವಾರ್ಡ್ ಸದಸ್ಯನಿಗೆ ತನ್ನ ಫೋಟೋ ಇನ್ನೂ ದೊಡ್ಡದಾಗಬೇಕಂತೆ.

"ಮಾಡಬಹುದಪ್ಪ. ಆದರೆ ಸತ್ತಿದ್ದು ಯಾರು ಅಂತ ನೋಡಿದವರಿಗೆ ಅನುಮಾನ ಬರಬಾರದಲ್ಲ," ಅಂದೆ.

ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಫೋಟೋನೂ.

ಮಾನಿಟರ್ ಹಿಂದೆ ಸೊಸೆ ನಕ್ಕಳು. ಗಿರಾಕಿ ಎದುರಿಗೆ ನಗಬಾರದು ಅಂತ ಕಣ್ಣಲ್ಲೇ ಹೇಳಿದೆ. ಎಡಿಟಿಂಗ್‌ನಲ್ಲಿ ಅವಳ ಕೈ ಚುರುಕು. ಅವಳ ಎದುರಿಗೆ ಅದನ್ನು ಹೇಳುವುದಿಲ್ಲ. ಮಗ ಮೂರು ದಿನದಿಂದ ಕ್ಯಾಮೆರಾ ಹೊತ್ತು ಮೆರವಣಿಗೆ ಹಿಂದೆ ಅಲೆದು ಕಪ್ಪಾಗಿದ್ದಾನೆ. ಚಪ್ಪಲಿ ಹಾಕಿಕೊಂಡೇ ಎಡಿಟಿಂಗ್ ರೂಮಿಗೆ ನುಗ್ಗಿದ. ಅವರಪ್ಪ ಇದ್ದಿದ್ದರೆ...

ಮಾರ್ಚ್ 5, ಬುಧವಾರ

ಪಕ್ಷದ ಕಾರ್ಯದರ್ಶಿ ತಾನೇ ಬಂದ. ಹದಿನಾರಕ್ಕೆ, ಭಾನುವಾರ, ಸಂತಾಪ ಸಭೆ. ದೊಡ್ಡ ಪರದೆ. ಅದರ ಮೇಲೆ ತೋರಿಸಲು ಫಿಲಂ ನಾವೇ ಮಾಡಬೇಕಂತೆ. ಬೇರೆಯವರ ಹತ್ತಿರ ಹೋಗುವ ಹಾಗಿಲ್ಲ, ಅದು ಅವನಿಗೂ ಗೊತ್ತು. ಆ ಭಾಷಣದ ಕ್ಯಾಸೆಟ್ ಇರುವುದು ನಮ್ಮ ಬೀರುವಿನಲ್ಲಿ ಮಾತ್ರ.

"ಬಿಸಿಲು ಎಲ್ಲರಿಗೂ ಒಂದೇ." ನಾಯಕರ ಆ ಮಾತು ಗೋಡೆಗೋಡೆಯ ಮೇಲಿದೆ, ಬಸ್ಸಿನ ಹಿಂದಿದೆ. ಇಪ್ಪತ್ತಾರು ವರ್ಷದ ಹಿಂದೆ ಮೈದಾನದಲ್ಲಿ ಅವರು ಹಾಗೆ ಅಂದಾಗ ಶೂಟ್ ಮಾಡಿದವರು ನಮ್ಮ ಯಜಮಾನರು, ಒಬ್ಬರೇ.

ಬೀರುವಿನ ಕೀಲಿ ನನ್ನ ಸೊಂಟದಲ್ಲಿ. ತೆಗೆದೆ. ಕ್ಯಾಸೆಟ್ ಸೊಸೆಯ ಕೈಗಿಟ್ಟು ಹೊರಗೆ ಬಂದೆ. ಅದನ್ನು ಒಂದು ಸಲವೂ ನೋಡಿಲ್ಲ. ಅದು ಅಮ್ಮ ಹೋದ ದಿನದ್ದು.

ಮಾರ್ಚ್ 7, ಶುಕ್ರವಾರ

ಮಾನ ಹೋಯಿತು.

ಮಗ ಫೋನ್ ತಂದು ಮುಖದ ಮುಂದೆ ಹಿಡಿದ. ಸ್ಯಾಂಪಲ್‌ಗೆ ಅಂತ ಸೊಸೆ ಕಾರ್ಯದರ್ಶಿಗೆ ಇಪ್ಪತ್ತು ಸೆಕೆಂಡು ಕಳಿಸಿದ್ದಳಂತೆ. ಅವನು ತಡೆಯಲಾರದೆ ಊರಿಗೆಲ್ಲ ಹಂಚಿದ್ದಾನೆ. ವೇದಿಕೆ, ಮೈಕು, ನಾಯಕರು ಕೈ ಎತ್ತಿ "ಬಿಸಿಲು ಎಲ್ಲರಿಗೂ ಒಂದೇ" ಅನ್ನುತ್ತಿದ್ದಾರೆ. ಅವರ ತಲೆಯ ಮೇಲೆ ಒಂದು ಕಪ್ಪು ಕೊಡೆ. ಕೊಡೆಯ ಕೋಲು ಅವರ ಭುಜದ ತನಕ ಇಳಿದು ಅಲ್ಲೇ ನಿಂತಿದೆ. ಕೈಯಿಲ್ಲ. ಹಿಡಿದವರಿಲ್ಲ. ಗಾಳಿಯಲ್ಲಿ ಕೊಡೆ.

ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ನಮ್ಮ ಸ್ಟುಡಿಯೋ ಹೆಸರು.

ಕೆಳಗೆ ಜನ ಬರೆದದ್ದನ್ನು ಮಗ ಓದಿದ. "ನಾಯಕರ ಪವಾಡ." "ಈ ಸಲ ಟಿಕೆಟ್ ಕೊಡೆಗೇ ಕೊಡಿ, ಆಗಲೇ ಪಕ್ಷೇತರವಾಗಿ ನಿಂತಿದೆ."

"ಸಾಕು, ನಿಲ್ಲಿಸು," ಅಂದೆ.

ಸೊಸೆಯನ್ನು ಕರೆದೆ. ಬಂದು ಕೈಕಟ್ಟಿ ನಿಂತಳು.

"ಕಾರ್ಯದರ್ಶಿಗಳು ಪಕ್ಕದ ಹೆಂಗಸು ಬೇಡ ಅಂದ್ರು, ಅತ್ತೆ. ನಾನು ಕ್ಯಾಸೆಟ್ಟಿನ ಲೇಬಲ್ ನೋಡ್ದೆ. ಅಲ್ಲಿ ಹೆಸರೇ ಇರಲಿಲ್ಲ, ಗೀಚಿ ಹಾಕಿತ್ತು. ಲೇಬಲ್‌ನಲ್ಲಿರೋರನ್ನ ಕೇಳದೆ ಕತ್ತರಿಸಬಾರದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ಹೆಸರಿಲ್ಲದವರನ್ನ ಕತ್ತರಿಸಬಹುದು ಅಂದ್ಕೊಂಡೆ."

"ಮತ್ತೆ ಕೊಡೆ?"

"ಅದು ಸ್ಟೇಜಿಗೇ ಸಿಕ್ಕಿಸಿದ್ದು ಅಂದ್ಕೊಂಡೆ. ಅಷ್ಟು ಹೊತ್ತು ಅಲುಗಾಡದೆ ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ನಿಲ್ತಾರೆ ಅಂತ ಹೊಳೀಲೇ ಇಲ್ಲ."

ಬೈಯಲು ಹೊರಟವಳು ಮಗನ ಫೋನನ್ನು ಪಕ್ಕಕ್ಕೆ ತಳ್ಳಿದೆ.

"ಯಾರು ಅತ್ತೆ ಆ ಹೆಂಗಸು?"

"ಪಕ್ಷದವಳು ಯಾರೋ."

ಅದೇ ದಿನ, ಸಂಜೆ 5

ಇಲ್ಲಿ ಸುಳ್ಳು ಬರೆಯುವುದಿಲ್ಲ. ಆ ಹೆಂಗಸು ನನ್ನ ತಂಗಿ. ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಈ ಮನೆಗೆ ಬಂದು ಒಂಬತ್ತು ವರ್ಷವಾದ ಸೊಸೆಗೆ ನನಗೊಬ್ಬಳು ತಂಗಿ ಇರುವುದೇ ಗೊತ್ತಿಲ್ಲ. ಹಾಗೆ ನೋಡಿಕೊಂಡವಳು ನಾನು.

ಅಂದು ಅಮ್ಮ ಆಸ್ಪತ್ರೆಯಲ್ಲಿ. ಬೆಳಿಗ್ಗೆಯಿಂದ ಎರಡು ಸಲ ಹೇಳಿ ಕಳಿಸಿದೆ. ಅಮ್ಮ ಕಣ್ಣು ತೆರೆದಾಗಲೆಲ್ಲ "ಗುಬ್ಬಿ ಬಂದಳಾ?" ಅಂದರು. ಬರ್ತಾಳೆ ಅಂದೆ. ಹನ್ನೆರಡೂವರೆಗೆ ಹೋದರು. ಗುಬ್ಬಿ ಬಂದದ್ದು ಎರಡು ಗಂಟೆಗೆ, ಮುಖ ಬಿಸಿಲಿಗೆ ಕೆಂಪಾಗಿ. ಒಳಗೆ ಬಿಟ್ಟುಕೊಳ್ಳಲಿಲ್ಲ. ಅವತ್ತಿನಿಂದ ಮಾತಿಲ್ಲ. ಸೇತುವೆಯಾಚೆ ಅವಳ ಮನೆ, ನಡೆದರೆ ಅರ್ಧ ಗಂಟೆ.

ಕ್ಯಾಸೆಟ್ಟಿನ ಲೇಬಲ್ ಬರೆಯುವುದು ಮೊದಲಿನಿಂದ ನನ್ನ ಕೆಲಸ. ಚಿತ್ರದಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು ಇದ್ದಾರೆ, ಎಲ್ಲರ ಹೆಸರು. ಯಜಮಾನರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅಕ್ಷರ ನನ್ನದು ಚೆನ್ನ, ಹೈಸ್ಕೂಲಿನಲ್ಲಿ ಬಹುಮಾನ ಬಂದಿತ್ತು. ಆ ಲೇಬಲ್‌ನಲ್ಲೂ ಬರೆದೆ, ಅವಳ ಹೆಸರೂ ಬರೆದೆ. ಆಮೇಲೆ ಅದೇ ಪೆನ್ನಿನಲ್ಲಿ ಕಾಗದ ಹರಿಯುವ ತನಕ ಗೀಚಿದೆ.

ಮೊದಲು ಅಳಿಸಿದ್ದು ಸೊಸೆಯಲ್ಲ.

ಮಾರ್ಚ್ 8, ಶನಿವಾರ

ಕಾರ್ಯದರ್ಶಿ ಸಿಟ್ಟಿನಲ್ಲಿ ಬರುತ್ತಾನೆ ಅಂದುಕೊಂಡಿದ್ದೆ. ನಗುನಗುತ್ತಾ ಬಂದ.

"ಬಿಡಿ ಅಮ್ಮ, ಜನ ನೋಡ್ತಿದ್ದಾರಲ್ಲ, ಅದೇ ಬೇಕು. ಸಭೆಯ ಫಿಲಂನಲ್ಲಿ ಕೊಡೇನೂ ತೆಗೆಸಿಬಿಡಿ. ಬಿಸಿಲು ಎಲ್ಲರಿಗೂ ಒಂದೇ ಅನ್ನೋರ ತಲೆ ಮೇಲೆ ಕೊಡೆ ಯಾಕೆ?"

"ಆ ಹೆಂಗಸು ಯಾಕೆ ಬೇಡ?" ಕೇಳಿದೆ. ಬೇಕಂತಲೇ ಕೇಳಿದೆ.

"ಟಿಕೆಟ್ ಕೇಳಿದ್ಲು, ಕೊಡಲಿಲ್ಲ. ಪತ್ರಿಕೆಯವರ ಮುಂದೆ ಹೋಗಿ ಬಾಯಿಗೆ ಬಂದಿದ್ದು ಹೇಳಿದ್ಲು. ಉಚ್ಚಾಟನೆ ಮಾಡಿ ಹದಿನೈದು ವರ್ಷ ಆಯ್ತು. ಅವಳು ನಮ್ಮ ಇತಿಹಾಸದಲ್ಲೇ ಇಲ್ಲಮ್ಮ."

"ತೆಗೆಸ್ತೀನಿ," ಅಂದೆ. ಹೇಳುವಾಗ ಹೊಟ್ಟೆ ತಣ್ಣಗಾಯಿತು. ಅದನ್ನೂ ಬರೆದಿಡುತ್ತೇನೆ.

ಕೊಡೆ ತೆಗೆದರೆ ಅದರ ಹಿಂದಿನ ಆಕಾಶ ಬೇಕಂತೆ. ಕೊಡೆ ವಾಲಿದ ಕಡೆ, ಸರಿದ ಕಡೆ, ಖಾಲಿ ಕಾಣುವ ಚೂರುಗಳನ್ನು ಹುಡುಕಿ ತಂದು ಅಂಟಿಸಬೇಕು ಅಂದಳು ಸೊಸೆ. ಅದಕ್ಕೆ ಕ್ಯಾಸೆಟ್ ಪೂರ್ತಿ ನೋಡಬೇಕು.

"ನಾನೇ ನೋಡಿ ಗುರುತು ಹಾಕ್ತೀನಿ. ನೀನು ಉಳಿದದ್ದು ಮುಗಿಸು."

ಅವಳಿಗೆ ಆಶ್ಚರ್ಯ. ನನಗೂ.

ಮಾರ್ಚ್ 12, ಬುಧವಾರ

ಮೂರು ದಿನ ಬರೆಯಲಿಲ್ಲ. ಬರೆಯಲಾಗಲಿಲ್ಲ.

ಕ್ಯಾಸೆಟ್ ನಲವತ್ತೆಂಟು ನಿಮಿಷ. ಮೂಲೆಯಲ್ಲಿ ಗಂಟೆ ತೋರಿಸುತ್ತದೆ. ಮೊದಲ ಸಲ ಆಕಾಶ ಹುಡುಕುತ್ತಾ ನೋಡಿದೆ. ಎರಡನೆಯ ಸಲ ಗುಬ್ಬಿಯನ್ನು ನೋಡಿದೆ. ಎಷ್ಟು ಸಣ್ಣವಳು! ಕೊಡೆ ಪೂರ್ತಿ ನಾಯಕರ ಮೇಲೆ, ಅವಳು ಬಿಸಿಲಲ್ಲಿ. ಕೈ ಸೋತಾಗ ಎಡಗೈಗೆ ಬದಲಾಯಿಸುತ್ತಾಳೆ, ಕೊಡೆ ಮಾತ್ರ ಅಲ್ಲಾಡುವುದಿಲ್ಲ. ಸ್ಟೇಜಿಗೆ ಸಿಕ್ಕಿಸಿದ್ದು ಅಂತ ಸೊಸೆ ಅಂದುಕೊಂಡದ್ದು ಸುಮ್ಮನಲ್ಲ.

ಮೂರನೆಯ ಸಲ ಇದು ಕಂಡಿತು. ಗಂಟೆ 12:12. ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದು ಅವಳ ಕಿವಿಯಲ್ಲಿ ಏನೋ ಹೇಳುತ್ತಾನೆ. ಗುಬ್ಬಿ ರಸ್ತೆಯ ಕಡೆ ನೋಡುತ್ತಾಳೆ. ಕೊಡೆಯನ್ನು ಪಕ್ಕದವನಿಗೆ ಚಾಚುತ್ತಾಳೆ. ಆಗ ನಾಯಕರು — ತಿರುಗುವುದೂ ಇಲ್ಲ, ಮಾತು ನಿಲ್ಲಿಸುವುದೂ ಇಲ್ಲ — ಎಡಗೈ ಹಿಂದೆ ತಂದು ಅವಳ ಮಣಿಕಟ್ಟು ಹಿಡಿಯುತ್ತಾರೆ. ಹಿಡಿದೇ ಇರುತ್ತಾರೆ. ಹನ್ನೊಂದು ನಿಮಿಷ. "ಬಿಸಿಲು ಎಲ್ಲರಿಗೂ ಒಂದೇ" ಅಂದದ್ದು ಆ ಹನ್ನೊಂದು ನಿಮಿಷದೊಳಗೆ.

ಅಮ್ಮ ಹೋದದ್ದು ಹನ್ನೆರಡೂವರೆ. ಮೈದಾನದಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ.

ಅವಳು ಹೊರಟಿದ್ದಳು. ಬಿಡಲಿಲ್ಲ.

ಮಾರ್ಚ್ 13, ಗುರುವಾರ

ಸೊಸೆಯನ್ನು ಕೂರಿಸಿ ಹೇಳಿದೆ. "ಅವಳು ನನ್ನ ತಂಗಿ. ನಿನಗೆ ಚಿಕ್ಕತ್ತೆ ಆಗಬೇಕು." ಆ ಹನ್ನೊಂದು ನಿಮಿಷ ತೋರಿಸಿದೆ. ಅವಳು ತನ್ನ ಮಣಿಕಟ್ಟನ್ನು ತಾನೇ ಸವರಿಕೊಂಡಳು.

ಕಾರ್ಯದರ್ಶಿಗೆ ಫೋನ್ ಮಾಡಿದೆ. "ಆ ಹೆಂಗಸೂ ಇರ್ತಾಳೆ, ಕೊಡೇನೂ ಇರುತ್ತೆ. ಬೇಕಾದ್ರೆ ಹಾಗೇ ತಗೊಳ್ಳಿ, ಇಲ್ಲದಿದ್ರೆ ಬಿಡಿ."

ಅತ್ತಲಿಂದ ಅವನು ನಕ್ಕ. ಆಮೇಲೆ — "ನಿಮ್ಮ ಸೊಸೆ ಕಳಿಸಿದ್ದು ನನ್ನ ಹತ್ರ ಇದೆಯಲ್ಲಮ್ಮ. ಮಿಕ್ಕಿದ್ದು ಬೇರೆ ಕಡೆ ಮಾಡಿಸ್ತೀನಿ. ಇನ್ನು ಮುಂದೆ ಈ ಊರಲ್ಲಿ ಯಾವ ಕಾರ್ಯಕ್ರಮಕ್ಕೆ ನಿಮ್ಮನ್ನ ಕರೀತಾರೋ ನೋಡೋಣ."

ಮಗ ಕ್ಯಾಮೆರಾ ಕೆಳಗಿಟ್ಟು ಹತ್ತಿರ ಬಂದ. "ಅಮ್ಮ, ನಾವು ಈ ಊರಲ್ಲೇ ಬದುಕಬೇಕು. ಸತ್ತವರ ಕೈ ಯಾರ ಕೈ ಹಿಡಿದಿತ್ತು ಅಂತ ಈಗ ಯಾರಿಗೆ ಬೇಕಮ್ಮ?"

"ನನಗೆ ಬೇಕು."

"ಇಪ್ಪತ್ತಾರು ವರ್ಷ ಬೇಡವಾಗಿತ್ತಲ್ಲ."

ಮೂವತ್ತೆಂಟು ವರ್ಷದಲ್ಲಿ ಅವನು ನನಗೆ ಎದುರು ಮಾತಾಡಿದ್ದು ಇದೇ ಮೊದಲು. ಸರಿಯಾಗಿಯೇ ಮಾತಾಡಿದ.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ಹೋಗಿ ಬಂದೆ.

ಸೇತುವೆಯಾಚೆ, ಎರಡನೆಯ ಮಹಡಿ. ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಮಿಷನ್, ಗೋಡೆಗೆ ಒರಗಿಸಿದ ಶಾಲೆಯ ಯೂನಿಫಾರಂ ರಾಶಿ. ಬಾಗಿಲು ತೆರೆದವಳ ಬಾಯಲ್ಲಿ ಗುಂಡುಸೂಜಿ. ತಲೆ ಪೂರ್ತಿ ಬೆಳ್ಳಗೆ. ನನಗಿಂತ ಆರು ವರ್ಷ ಚಿಕ್ಕವಳು.

ಸೂಜಿ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ, "ಮೆಟ್ಟಿಲು ಹತ್ತೋಕಾಯ್ತಾ? ಮಂಡಿ ನೋವು ಅಂತ ಕೇಳಿದ್ದೆ."

"ಯಾರು ಹೇಳಿದ್ರು?"

"ನಿನ್ನ ವಿಷಯ ಊರಿಗೆಲ್ಲ ಗೊತ್ತಿರುತ್ತಲ್ಲಕ್ಕ. ರಾಣಿಯರದ್ದು ಹಾಗೇ."

ಕುಳಿತೆ. ಲ್ಯಾಪ್‌ಟಾಪ್ ತೆರೆದೆ, ಸೊಸೆ ಹೇಳಿಕೊಟ್ಟಿದ್ದಳು. ಆ ಹನ್ನೊಂದು ನಿಮಿಷ ಹಾಕಿದೆ. ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. ನಾನು ಅವಳನ್ನು ನೋಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಅವರು ನಿನ್ನನ್ನ ಬಿಡಲಿಲ್ಲ. ನನಗೆ ಗೊತ್ತಿರಲಿಲ್ಲ ಗುಬ್ಬಿ. ಅವನು ಬಂದು ಅಮ್ಮನ ಸುದ್ದಿ ಹೇಳಿದ ತಕ್ಷಣ ನೀನು..."

"ಆ ಮನುಷ್ಯನಾ? ಊಟದ ಪೊಟ್ಟಣ ಸಾಲ್ತಾ ಇಲ್ಲ ಅಂತ ಹೇಳೋಕೆ ಬಂದಿದ್ದ. ಪೊಟ್ಟಣದ ಜವಾಬ್ದಾರಿ ನಂದೇ ಇತ್ತು."

ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ.

"ಅಮ್ಮನ ಸುದ್ದಿ ಬೆಳಿಗ್ಗೆ ಎಂಟಕ್ಕೇ ಬಂದಿತ್ತಕ್ಕ. ನೀನೇ ಕಳಿಸಿದ್ದೆಯಲ್ಲ. ಭಾಷಣ ಮುಗಿಸಿ ಹೋದ್ರಾಯ್ತು ಅಂದ್ಕೊಂಡೆ. ಅವ್ರು ಎಲ್ಲರ ಎದುರಿಗೆ 'ಕೊಡೆ ಇವಳ ಕೈಲೇ ಇರಲಿ' ಅಂದಿದ್ರು. ಹೆಮ್ಮೆ ಆಗಿತ್ತು. ಕೈ ಹಿಡಿದದ್ದು ನಿಜ, ಮೂರು ದಿನ ಗುರುತು ಹೋಗಲಿಲ್ಲ. ಆದ್ರೆ ಅದಕ್ಕೂ ಅಮ್ಮನಿಗೂ ಸಂಬಂಧ ಇಲ್ಲ."

ಅವಳು ಹೂಂ ಅಂದುಬಿಡಬಹುದಿತ್ತು. ಹನ್ನೊಂದು ನಿಮಿಷದ ಸಾಕ್ಷಿಯನ್ನು ನಾನೇ ಕೈಯಲ್ಲಿ ಹಿಡಿದು ಹೋಗಿದ್ದೆ. ಅವಳು ತಗೊಳ್ಳಲಿಲ್ಲ.

ನನ್ನ ಮುಖ ಗಟ್ಟಿಯಾಗಿದ್ದು ಅವಳಿಗೂ ಕಂಡಿತು.

"ಬಯ್ಯೋದಿದ್ರೆ ಬಯ್ಯಿ. ಒಂದು ಮಾತು ಮಾತ್ರ ಕೇಳ್ತೀನಿ. ಭಾವನೂ ಅವತ್ತು ಅಲ್ಲೇ ಇದ್ರಲ್ಲ? ತಮ್ಮ ಅತ್ತೆ ಸಾಯ್ತಿದ್ದಾರೆ ಅಂತ ಗೊತ್ತಿದ್ದೂ ಕ್ಯಾಮೆರಾ ಹಿಡ್ಕೊಂಡು ನಿಂತಿದ್ರು. ಅವರ ಹೆಸರನ್ನ ಯಾವ ಡಬ್ಬಿ ಮೇಲೆ ಗೀಚಿದೆ?"

ಲೇಬಲ್ ವಿಷಯ ಇವಳಿಗೆ ಯಜಮಾನರೇ ಹೇಳಿರಬೇಕು. ನನ್ನ ಬೆನ್ನ ಹಿಂದೆ ಇಲ್ಲಿಗೆ ಬರುತ್ತಿದ್ದರು ಹಾಗಾದರೆ. ಕೇಳಲಿಲ್ಲ.

ಏಳುವಾಗ ಅಂದೆ — ಬಂದ ಕೆಲಸ ಮರೆತು ಹೋಗುವವಳಲ್ಲ — "ನಾಳೆ ಸಭೆ ಶುರುವಾಗೋ ಹೊತ್ತಿಗೆ ಆ ಭಾಷಣ ಪೂರ್ತಿ, ಇದ್ದದ್ದು ಇದ್ದ ಹಾಗೆ, ಸ್ಟುಡಿಯೋ ಹೆಸರಲ್ಲಿ ಹಾಕೋಣ ಅಂತಿದ್ದೆ."

"ಈಗಲೂ ಹಾಕ್ತೀಯಾ?"

"ಗೊತ್ತಿಲ್ಲ."

ಮೆಟ್ಟಿಲ ತನಕ ಬಂದಳು. "ಹಾಕೋದಾದ್ರೆ ನನ್ನ ಹೆಸರು ಹಾಕು, ಶಾಲೆ ರಿಜಿಸ್ಟರ್‌ನಲ್ಲಿರೋದು. ಅಳೋ ಕಥೆ ಕಟ್ಟಬೇಡ."

ಮಾರ್ಚ್ 16, ಭಾನುವಾರ, ಬೆಳಿಗ್ಗೆ 9:20

ಹತ್ತಕ್ಕೆ ಸಭೆ. ಕೈಯಿಲ್ಲದ ಕೊಡೆ ಇನ್ನು ಸ್ವಲ್ಪ ಹೊತ್ತಿಗೆ ಮನೆ ಎತ್ತರದ ಪರದೆಯ ಮೇಲೆ ಬರುತ್ತದೆ.

"ಚಿಕ್ಕಮ್ಮನೇ ಹಾಗೆ ಹೇಳಿದ ಮೇಲೆ ಇನ್ನೇನಮ್ಮ, ಬಿಟ್ಟುಬಿಡೋಣ," ಅಂದ ಮಗ. ಚಿಕ್ಕಮ್ಮ ಅಂದ. ಆ ಮಾತು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು.

ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆಯುವವಳಲ್ಲ ನಾನು. ಚೆನ್ನಾಗಿಯೇ ಬಂತು. ಎದ್ದಾಗ ಕೋಪ ಇದ್ದಲ್ಲೇ ಇತ್ತು. ಅಮ್ಮ ಕೇಳುತ್ತಿದ್ದರು, ಇವಳಿಗೆ ಗೊತ್ತಿತ್ತು, ಬರಲಿಲ್ಲ. ಅದನ್ನು ಕ್ಷಮಿಸುವುದು ನನ್ನಿಂದ ಆಗುತ್ತದೋ ಇಲ್ಲವೋ. ಆದರೆ ನಲವತ್ತೆಂಟು ನಿಮಿಷ ಆ ಬಿಸಿಲಲ್ಲಿ ಅವಳು ನಿಂತಿದ್ದಳು. ನಾನೇ ನೋಡಿದೆ, ಮೂರು ಸಲ.

ಸೊಸೆಗೆ "ರೆಡಿ ಮಾಡು" ಅಂದೆ. ಎಲ್ಲ ರೆಡಿ ಇದೆಯಂತೆ, ಒಂದು ಗುಂಡಿ ಒತ್ತುವುದಷ್ಟೇ.

"ಹೆಸರುಗಳು ಬೇಕು, ಅತ್ತೆ. ನಮ್ಮಲ್ಲಿ ಲೇಬಲ್ ಬರೀದೆ ಯಾವುದೂ ಹೊರಗೆ ಹೋಗಲ್ಲ." ನನ್ನ ಮಾತು ನನಗೇ ಹೇಳಿ, ನಗದೆ ನಿಂತಳು. ಇವಳ ಕೈ ಚುರುಕು ಅಂತ ಇವತ್ತು ಎದುರಿಗೇ ಹೇಳಿದೆ. ಗಾಬರಿಯಾದಳು.

ಹಳೆಯ ಲೇಬಲ್ ಬಿಸಿನೀರು ಹಚ್ಚಿ ಬಿಡಿಸಿದೆ. ಕಾಗದ ಬಂತು, ಗೀಚಿದ ಗುರುತು ಡಬ್ಬಿಯ ಮೇಲೂ ಮೂಡಿದೆ. ಅದರ ಮೇಲೆಯೇ ಹೊಸದು ಅಂಟಿಸಬೇಕು. ತಪ್ಪಾಗಬಾರದು ಅಂತ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಸೊಸೆ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಚಪ್ಪಲಿ ಹೊರಗೆ ಬಿಟ್ಟಿದ್ದಾಳೆ.

ಮೈದಾನದ ಭಾಷಣ. ಪೂರ್ತಿ.
ಕ್ಯಾಮೆರಾ ಹಿಂದೆ ನಮ್ಮ ಯಜಮಾನರು.
ಎಡಗಡೆ ಮೈಕ್ ಸೆಟ್ಟಿನವನು.
ನಡುವೆ ನಾಯಕರು.
ಬಲಗಡೆ, ಬಿಸಿಲಲ್ಲಿ, ಕೊಡೆ ಹಿಡಿದವಳು, ನನ್ನ ತಂಗಿ.