ಕಡಲು ಒಪ್ಪಿಸಿದವರು

ಜುಲೈ ೮, ಬೆಳಗಿನ ಪ್ರಾರ್ಥನೆಯ ನಂತರ

ಹನ್ನೊಂದನೆಯ ಪಾಪಿಯ ಮೊಣಕಾಲು ಮುಗಿಯಿತು. ವಕ್ರವಾಗುತ್ತದೇನೋ ಎಂದು ಹೆದರಿದ್ದೆ — ನೆಟ್ಟಗೆ ಬಂತು. ದೇವರಿಗೆ ಸ್ತೋತ್ರ. ಇನ್ನು ಹೆದರಲು ಬೇರೆ ಏನಾದರೂ ಹುಡುಕಬೇಕು.

ಕಸೂತಿಯ ಬಟ್ಟೆ ಚೌಕಟ್ಟಿನ ಎರಡೂ ಕೋಲಿಗೆ ಸುತ್ತಿಕೊಂಡಿದೆ. ಕಣ್ಣಿಗೆ ಬೀಳುವುದು ಒಂದು ಮೊಳ ಮಾತ್ರ. ಈ ಕೊನೆಗೆ ನರಕ: ಬಾಯಿ ತೆರೆದ ದೊಡ್ಡ ಮೀನು, ಅದರೊಳಗೆ ಬತ್ತಲೆ ಪಾಪಿಗಳು, ಪಕ್ಕದಲ್ಲಿ ಕೊಕ್ಕೆ ಹಿಡಿದ ಪಿಶಾಚಿ. ನಡುವೆ ತೀರ್ಪು ಕೊಡುವ ಕ್ರಿಸ್ತ, ಎರಡೂ ಕೈ ಎತ್ತಿ ಗಾಯ ತೋರಿಸುತ್ತಾ. ಆ ಕೊನೆಗೆ ಸ್ವರ್ಗ. ಥೋರ್ಗಿಲ್ಸ್ ಪಾದ್ರಿಗಳು ಚಳಿಗಾಲದಲ್ಲಿ ಶಾಯಿಯಲ್ಲಿ ಗೆರೆ ಬರೆದುಕೊಟ್ಟರು. ಗೆರೆಯೊಳಗೆ ಉಣ್ಣೆ ತುಂಬುವುದು ವಾಲ್ಗೆರ್ಡ್ ಅಕ್ಕನ ಕೆಲಸ. ಅವರ ಕಣ್ಣು ಮಂಜಾಯಿತು, ಈಸ್ಟರ್ ಆದಮೇಲೆ ಕೆಲಸ ನನಗೆ ಬಂತು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳಿಗೆ! ಆಗಸ್ಟಿನ ಮರಿಯಮ್ಮನ ಹಬ್ಬಕ್ಕೆ ಇದು ವೇದಿಕೆಯ ಮುಂದೆ ತೂಗಬೇಕು.

ಮಠದಮ್ಮ ಮೊದಲ ದಿನವೇ ಹೇಳಿದ್ದಾರೆ — "ಈ ಒಂದು ಬಟ್ಟೆ ನೋಡ್ತೀನಿ, ಓಡ್ನಿ. ಕೆಡಿಸಿದ್ಯೋ, ವಾಪಸ್ ಹಸುಗಳ ಹತ್ರ."

ಹಸುಗಳು ಒಳ್ಳೆಯವೇ. ಆದರೆ…

ಜುಲೈ ೧೧

ಬರೆಯುವ ಈ ತೊಗಲ ಚೂರಿನ ಮೇಲೆ ಶಾಯಿ ಚೆಲ್ಲಿತು.

ಕ್ರಿಸ್ತನ ಪಕ್ಕೆಯ ಗಾಯ ತುಂಬಲು ಕೂತೆ. ಗೆರೆ ಎಡಪಕ್ಕೆಯಲ್ಲಿದೆ. ಚರ್ಚಿನ ಶಿಲುಬೆಯಲ್ಲಿ — ಓಡಿಹೋಗಿ ನೋಡಿ ಬಂದೆ, ಎರಡು ಸಲ — ಬಲಪಕ್ಕೆ. ಪಾದ್ರಿಗಳು ತಪ್ಪಿದರೇ? ಇಲ್ಲ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದವಳು ನಾನು. ತೆಳು ಬಟ್ಟೆ, ಶಾಯಿ ಹಿಂಬದಿಗೂ ಇಳಿದಿತ್ತು. ಬೆನ್ನನ್ನೇ ಮುಖವೆಂದುಕೊಂಡೆ.

ಎಲ್ಲ ತಿರುಗುಮುರುಗು. ಉದ್ಧಾರವಾದವರು ಕ್ರಿಸ್ತನ ಬಲಕ್ಕೆ ಇರಬೇಕು. ನನ್ನ ನರಕವೇ ಅಲ್ಲಿ ಹೋಗಿ ಕೂತಿದೆ. ಮೂರು ತಿಂಗಳ ಕೆಲಸ. ಬಿಚ್ಚಿದರೆ ಬಟ್ಟೆಯೆಲ್ಲ ತೂತು. ನಾರ್ವೆಯ ಹಡಗಿನಲ್ಲಿ ಬಂದದ್ದು, ಇಡೀ ಐಸ್‌ಲ್ಯಾಂಡ್ ಹುಡುಕಿದರೂ ಇನ್ನೊಂದು ಸಿಗದು. ಬಿಚ್ಚದಿದ್ದರೆ — ಪಾಪಿಗಳನ್ನು ದೇವರ ಬಲಕ್ಕೆ ಕೂರಿಸಿದವಳು.

ಅಪ್ಪ ಇದ್ದಿದ್ದರೆ ಇಷ್ಟು ದಡ್ಡಿ ಆಗುತ್ತಿರಲಿಲ್ಲ. ಓದಲು ಕಲಿಸುತ್ತಿದ್ದರು. ನನಗೆ ಒಂಬತ್ತಾದಾಗ ಮೀನಿಗೆ ಹೋದ ದೋಣಿ ಬರಲಿಲ್ಲ. ಕಲಿಯುತ್ತಿದ್ದ ಕೀರ್ತನೆ ಅರ್ಧಕ್ಕೇ ನಿಂತಿತು. ಪಾಪನಿವೇದನೆ ಇಲ್ಲದೆ, ಸಮಾಧಿ ಇಲ್ಲದೆ… ಬೇಡ.

ಜುಲೈ ೧೬

ಐದು ದಿನ ಯಾರಿಗೂ ಹೇಳಲಿಲ್ಲ. ಇವತ್ತು ವಾಲ್ಗೆರ್ಡ್ ಅಕ್ಕ ಹೊಲಿಗೆಯ ಮೇಲೆ ಬೆರಳಾಡಿಸಿ —

"ಏನೇ, ಸೂಜಿ ಅಲ್ಲೇ ನಿಂತುಬಿಟ್ಟಿದೆ. ಕ್ರಿಸ್ತನ ಪಕ್ಕೆ ಚುಚ್ಚೋಕೆ ಭಯಾನಾ?"

ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅಕ್ಕ ನಕ್ಕರು!

"ನಾನೂ ಒಂದ್ಸಲ ಸಂತ ಪೇತ್ರನಿಗೆ ಎರಡೂ ಎಡಗಾಲೇ ಕೊಟ್ಟಿದ್ದೆ. ಮೂವತ್ತು ವರ್ಷ ಆಯ್ತು, ನಿಂತೇ ಇದಾನೆ, ಬಿದ್ದಿಲ್ಲ."

"ಇದು ಕಾಲಲ್ಲ ಅಕ್ಕ, ನರಕ!"

"ಕಿರುಚಬೇಡ." ಮೀನಿನ ಬಾಯಿ ಸವರಿದರು. ಪಾಪಿಗಳ ತಲೆ ಒಂದೊಂದಾಗಿ ಮುಟ್ಟಿದರು. "ಇವರ ಮುಖ ಯಾವ ಕಡೆಗೆ?"

"ಕ್ರಿಸ್ತನ ಕಡೆಗೆ. ಅಂಗಲಾಚ್ತಾ ಇದಾರೆ."

"ನಂಗೇನೋ ಹೊರಗೆ ಬರೋರ ಥರ ಇದೆ. ಕೊನೇ ದಿನ ಕಡಲು ತನ್ನೊಳಗಿನ ಸತ್ತವರನ್ನ ಒಪ್ಪಿಸುತ್ತೆ ಅಂತ ಪಾದ್ರಿಗಳು ಓದಲ್ವಾ? ಈ ಮೀನೇ ಕಡಲು. ಇವರು ಮುಳುಗಿದೋರು. ಬಿಳಿ ಬಟ್ಟೆ ತೊಡಿಸೇ, ಪಾಪ, ಚಳಿ ಹಿಡಿದಿರುತ್ತೆ."

ಸ್ವರ್ಗದ ಆ ಕೊನೆ ಇನ್ನೂ ಬರೀ ಗೆರೆ. ಅಲ್ಲಿ ಬೆಂಕಿ ಹಾಕಿದರೆ ನರಕ ಆಯಿತಂತೆ. ಅಲ್ಲೊಬ್ಬ ಬಿಷಪ್ಪರಿದ್ದಾರೆ, ಅಂದೆ.

"ಇರ್ಲಿ ಬಿಡು. ಒಬ್ಬರಾದ್ರೂ ಇರ್ಬೇಕು."

ಜುಲೈ ೨೩

ಗಾಯವನ್ನು ಬಲಪಕ್ಕೆಗೆ ತಂದೆ. ಒಂಬತ್ತು ಜನಕ್ಕೆ ಬಟ್ಟೆ ಆಯಿತು. ಪಿಶಾಚಿಯ ಕೊಂಬು ಬಿಚ್ಚಿ ರೆಕ್ಕೆ ಹೊಲಿದೆ. ಕೈಯ ಕೊಕ್ಕೆ ಹಾಗೇ ಬಿಟ್ಟೆ — ದೋಣಿಯವರು ನೀರಿನಿಂದ ಎಳೆಯುವುದೂ ಕೊಕ್ಕೆಯಲ್ಲೇ.

ಆರನೆಯವರ ಗಡ್ಡ ಅಪ್ಪನದು. ಯಾರಿಗೂ ಹೇಳಿಲ್ಲ. ಇಷ್ಟು ವರ್ಷ ಅವರನ್ನು ಎಲ್ಲಿಡಬೇಕೋ ತಿಳಿದಿರಲಿಲ್ಲ. ಬಟ್ಟೆ ಸರಿಯಾಗಿ ಬಿಗಿದಿದ್ದರೆ ಈ ಜಾಗ ಸಿಗುತ್ತಿತ್ತೇ? ತಪ್ಪಿಗೂ ಸ್ತೋತ್ರ ಹೇಳಬಹುದೇ — ಪಾಪವೇನೋ.

ಹೇಳಿದೆ.

ಜುಲೈ ೨೯, ಓಲಾಫ್ ಸಂತರ ಹಬ್ಬ

ಪಾದ್ರಿಗಳು ಪೂಜೆಗೆ ಬಂದರು. ಮಠದಮ್ಮ ಬಟ್ಟೆ ಕಳಚಿಸಿ ಹರಡಿಸಿದರು.

"ನಾನು ಬರೆದದ್ದು ಇದಲ್ಲ," ಅಂದರು ಪಾದ್ರಿಗಳು.

"ಮಗುಚಿ ಬಿಗಿದುಬಿಟ್ಟೆ, ಸ್ವಾಮಿ. ನಾನೇ. ಅಕ್ಕನದೇನೂ ಇಲ್ಲ."

"ನನ್ನನ್ನ ಯಾಕೆ ಬಿಡ್ತೀಯೇ?" ಮೂಲೆಯಿಂದ ವಾಲ್ಗೆರ್ಡ್ ಅಕ್ಕ. "ಮೀನನ್ನ ಕಡಲು ಮಾಡಿದ್ದು ನಾನು, ಸ್ವಾಮಿ."

ಪಾದ್ರಿಗಳು ಬಗ್ಗಿ ನೋಡಿದರು. ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟರು.

"ವೇದಿಕೆಗೆ ಆಗುತ್ತೋ ಇಲ್ವೋ ಹೇಳಿ," ಅಂದರು ಮಠದಮ್ಮ. "ಇವಳನ್ನ ಎಲ್ಲಿಗೆ ಕಳಿಸ್ಲಿ ಅಂತ ಗೊತ್ತಾಗ್ಬೇಕು."

"ಆಗುತ್ತೆ, ತಾಯಿ. ಎಲ್ಲಿಗೂ ಕಳಿಸ್ಬೇಡಿ." ನನ್ನ ಕಡೆ ತಿರುಗಿ, ಮೆಲ್ಲಗೆ — "ಮೀನಿನ ಹಲ್ಲಿನ ಪಕ್ಕ ಇನ್ನೊಬ್ಬನಿಗೆ ಜಾಗ ಆಗುತ್ತಾ, ಮಗಳೇ? ನನ್ನ ತಮ್ಮ. ಅವನೂ ಕಡಲಲ್ಲೇ ಹೋದ."

ಜುಲೈ ೩೦, ಬೆಳಿಗ್ಗೆ

ತಮ್ಮನ ಹೆಸರು ಟೋರ್ಫಿ. ಕೆಂಪು ಕೂದಲು, ಮುಂದಿನ ಹಲ್ಲು ಒಂದಿಲ್ಲವಂತೆ. ಜಾಗ ಇಕ್ಕಟ್ಟು, ಆದರೆ ಇದೆ. ಬೆಳಕು ಚೆನ್ನಾಗಿದೆ. ದೇವರೇ, ಬೆಳಕು ಎಷ್ಟು ಚೆನ್ನಾಗಿದೆ.

ಬಾಗಿಲಲ್ಲಿ ಕಡಲದಂಡೆಯ ಮನೆಗಳ ಹೆಂಗಸರು ಮೂವರು. ಪಾದ್ರಿಗಳು ದಾರಿಯಲ್ಲಿ ಹೇಳಿಕೊಂಡು ಹೋಗಿರಬೇಕು. ಮುಂದೆ ನಿಂತವಳು, ಕೂದಲಿಗೆ ಕಪ್ಪು ಉಣ್ಣೆ ಇದೆಯಾ ಅಂತ ಕೇಳುತ್ತಿದ್ದಾಳೆ. ಇದೆ ಅಂದೆ. ಬಾರಮ್ಮ, ಕೂತ್ಕೋ. ಅವಳ ಮನೆಯಿಂದ ಮುಳುಗಿದವರ ಹೆಸರು…