ಒದ್ದು ಬಾರಿಸುವ ವಾದ್ಯ

ಮೌಂಟ್ ರಾಸ್ಕಿಲ್, ಆಕ್ಲೆಂಡ್
೧೪ ಜುಲೈ ೨೦೨೪

ಚಿ. ಹರ್ಷಿಣಿಗೆ,

ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿನ್ನ ಮೆಸೇಜು ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಪುರಸೊತ್ತಿರಲಿಲ್ಲ ಅಂತಲ್ಲ, ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ವಾಟ್ಸಾಪಿನಲ್ಲಿ ಬೈದರೆ ನೀನು ಕೆಳಗೊಂದು ಕೆಂಪು ಹೃದಯ ಅಂಟಿಸಿ ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ನಮ್ಮ ಗ್ಯಾರೇಜಿನಲ್ಲಿ ಕೂತು ಮೃದಂಗದ ಪಾಠದ ಜೊತೆಗೇ ಕಲಿತ ಕನ್ನಡ ಅಕ್ಷರಗಳನ್ನು ನೀನಿನ್ನೂ ಮರೆತಿಲ್ಲ ಎಂದುಕೊಂಡಿದ್ದೇನೆ. ನಿಧಾನವಾಗಿ ಓದು.

ಸೆಪ್ಟೆಂಬರಿನ ರಂಗಪ್ರವೇಶವನ್ನು 'ಮುಂದಿನ ವರ್ಷ ನೋಡೋಣ ಆಂಟಿ' ಎಂದು ಬರೆದಿದ್ದೀಯ. ಆ ತಿಂಗಳಿಡೀ ನಿನ್ನ ಬ್ಯಾಂಡಿನ ಜೊತೆ ಊರೂರು ಸುತ್ತಬೇಕಂತೆ. ಸಾಲದ್ದಕ್ಕೆ ಜಪಾನಿನ ಒಸಾಕದ ಆ ಮೂವರು ಹುಡುಗಿಯರ ಬ್ಯಾಂಡಿನ ಆಲ್ಬಮ್ ಕಳಿಸಿ, 'ಪೂರ್ತಿ ಕೇಳಿ, ಆಗ ನಿಮಗೇ ಅರ್ಥ ಆಗುತ್ತೆ' ಎಂದಿದ್ದೀಯ. ಏಳು ವರ್ಷದ ಕೂಸಾಗಿದ್ದಾಗ ಮೃದಂಗದ ಹಿಂದೆ ಮುಖವೇ ಕಾಣದಂತೆ ಕೂರುತ್ತಿದ್ದವಳು ಈಗ ನನಗೆ ಅರ್ಥ ಮಾಡಿಸುವಷ್ಟು ದೊಡ್ಡವಳಾದೆಯಲ್ಲ, ಸಂತೋಷ.

ಕೇಳಿದೆ. ಪೆನ್‌ರೋಸಿನ ಔಷಧಿ ಗೋದಾಮಿಗೆ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಹಾಕಿಕೊಂಡು ಕೇಳಿದೆ. ಮೊದಲ ಹಾಡು ಶುರುವಾಗುವುದೇ ಗಂಟಲು ಕೆರೆಯುವ ಸದ್ದಿನಿಂದ! ನಮ್ಮಲ್ಲಿ ಗಂಟಲು ಸರಿ ಮಾಡಿಕೊಂಡು ಹಾಡುತ್ತಾರೆ. ಇವರು ಅದನ್ನೇ ಹಾಡು ಅನ್ನುತ್ತಾರೆ. ಆಮೇಲೆ ಕಿರುಚಾಟ. ಸ್ಪೀಕರಿನ ಗೊರಗೊರ ಸದ್ದನ್ನೂ ಹಾಗೇ ಬಿಟ್ಟಿದ್ದಾರೆ. ಒಂದೇ ಕೋಣೆಯಲ್ಲಿ ನಿಂತು, ಒಂದೇ ಸಲಕ್ಕೆ ಬಾರಿಸಿ, ತಪ್ಪನ್ನು ತಿದ್ದದೆ ಬಿಡುವುದೇ ಅದರ ದೊಡ್ಡಸ್ತಿಕೆ ಎಂದು ನೀನು ಬರೆದಿದ್ದೆ. ತಪ್ಪನ್ನು ತಿದ್ದದೆ ಬಿಡುವುದು ದೊಡ್ಡಸ್ತಿಕೆಯಾದರೆ ನನ್ನ ಶನಿವಾರಗಳನ್ನೆಲ್ಲ ಯಾಕೆ ತಿಂದೆ ತಾಯಿ?

ನಿಮ್ಮ ರಾಜೀವ್ ಅಂಕಲ್ ಒಂದು ದಿನ ಪಕ್ಕದಲ್ಲಿ ಕೂತಿದ್ದರು. "ಕಾಮೂ, ಇದು ಹಾಡೋ ಜಗಳವೋ? ಯಾರಾದ್ರೂ ಆ ಹುಡುಗೀಗೆ ಒಂದ್ ಲೋಟ ನೀರು ಕೊಡ್ರೇ!" ಎಂದರು. ನಿಮ್ಮಮ್ಮ ರಮಾ ಫೋನ್ ಮಾಡಿ, "ಬಿಡೀಪ್ಪಾ, ಈಗಿನ ಮಕ್ಕಳು. ಏನೋ ಎರಡು ದಿನದ ಹುಚ್ಚು," ಎಂದು ಸಮಾಧಾನ ಹೇಳಿದಳು. ಹುಚ್ಚಲ್ಲ ಅಂತ ನನಗೆ ಗೊತ್ತು. ಹುಚ್ಚಾಗಿದ್ದರೆ ನಾನೇಕೆ ಇಷ್ಟು ಉರಿದುಕೊಳ್ಳುತ್ತಿದ್ದೆ?

ಯಾಕೆಂದರೆ ಆರನೇ ಹಾಡೊಂದಿದೆಯಲ್ಲ, ಗಿಟಾರುಗಳೆಲ್ಲ ನಿಂತು ಡ್ರಮ್ಮಿನವಳು ಒಬ್ಬಳೇ ಉಳಿಯುವುದು? ಅವಳ ಕಾಲಪ್ರಮಾಣ ಓಡುತ್ತದೆ, ಬಾಲಕ್ಕೆ ಡಬ್ಬ ಕಟ್ಟಿದ ಕತ್ತೆಯ ಹಾಗೆ ಓಡುತ್ತದೆ. ಈಗ ಬಿದ್ದಳು, ಈಗ ಬಿದ್ದಳು ಎಂದು ಕಾಯುತ್ತಿದ್ದೆ. ಬೀಳಲಿ ಎಂದೇ ಕಾಯುತ್ತಿದ್ದೆ. ಆ ಗಂಡುಬೀರಿ ನೇರವಾಗಿ ಬಂದು ತಾಳದ ಸಮದ ಮೇಲೆ ಕೂತಳು. ನನಗೆ ಮೈಯೆಲ್ಲ ಜುಮ್ಮೆಂದಿತು. ತಿರುಗಿ ಹಾಕಿ ಕೇಳಿದೆ. ಸಿಗ್ನಲ್ಲಿನಲ್ಲಿ ಸ್ಟಿಯರಿಂಗಿನ ಮೇಲೆ ತಾಳ ಹಾಕುವ ಭರದಲ್ಲಿ ಹಾರ್ನ್ ಒತ್ತಿಬಿಟ್ಟೆ. ಮುಂದಿನ ಯೂಟ್ ಟ್ರಕ್ಕಿನವನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳು ತೋರಿಸಿದ. ನನ್ನ ವಯಸ್ಸಿಗೆ ಅದೂ ಆಗಬೇಕಿತ್ತು. ಚೆನ್ನಾಗಿದೆ ಎಂದು ನಾನು ಬರೆಯುವುದಿಲ್ಲ. ಕಾದುಕೊಂಡಿರಬೇಡ.

ಇನ್ನು ಆ ಮೆಸೇಜಿಗೂ ಮುಂಚೆ ನಡೆದ ನಿನ್ನ ಕಾರ್ಯಕ್ರಮದ ವಿಷಯ. 'ನೆಲ್ಸನ್ನಿಗೆ ಬನ್ನಿ, ನಮ್ಮ ಗಿಗ್ ನೋಡಿ, ಹಾಗೇ ರಂಗಪ್ರವೇಶದ ಬಗ್ಗೆ ಮಾತಾಡೋಣ' ಎಂದು ನೀನೇ ಕರೆದೆ, ವಿಮಾನ ಹತ್ತಿ ಬಂದೆ. ಬಂದು ನೋಡಿದ್ದೇನು? ಬಿಯರಿನ ವಾಸನೆ, ಕತ್ತಲು, ಸ್ಟೂಲಿನ ಮೇಲೆ ಬೂಟು ಹಾಕಿಕೊಂಡು ಕೂತ ನೀನು. ಚರ್ಮವಾದ್ಯಕ್ಕೆ ಅಪ್ಪಿತಪ್ಪಿ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಇಲ್ಲಿನ ಕಿವಿ ಮಕ್ಕಳ ಜೊತೆ ಬರಿಗಾಲಲ್ಲಿ ಆಡಿ ಬಂದ ಕಾಲಿನಲ್ಲೇ ಪಾಠಕ್ಕೆ ಕೂತಾಗ ಎಷ್ಟು ಸಲ ನಿನ್ನನ್ನು ಬಚ್ಚಲಿಗೆ ಅಟ್ಟಿಲ್ಲ? ಆ ರಾತ್ರಿ ನೀನು ದೊಡ್ಡ ಡ್ರಮ್ಮನ್ನು ಪೆಡಲು ತುಳಿದು ಒದ್ದೇ ಬಾರಿಸುತ್ತಿದ್ದೆ. ಅದು ಹಾಗೇ ಬಾರಿಸುವ ವಾದ್ಯ ಎಂದು ನನಗೂ ಗೊತ್ತಿದೆ, ಪಾಠ ಹೇಳಬೇಡ. ನೋಡಲು ಆಗಲಿಲ್ಲ, ಅಷ್ಟೇ.

ಅದರ ಮೇಲೆ ರವೆ! ಮೃದಂಗದ ಎಡಗಡೆಗೆ ರವೆ ಕಲಸಿ ಮೆತ್ತುವುದನ್ನು ಹೇಳಿಕೊಟ್ಟರೆ ನೀನು ಹೋಗಿ ಪ್ಲಾಸ್ಟಿಕ್ ಡ್ರಮ್ಮಿಗೆ ಮೆತ್ತಿದ್ದೀಯ, ಅದೇ ಗುಂಕಾರ ಬರಲಿ ಅಂತ. ಅಂಗೈಗೆ ಇರುವ ರವೆ ಕೋಲಿನ ಪೆಟ್ಟಿಗೆ ನಿಲ್ಲುತ್ತದೆಯೇ? ಎರಡನೇ ಹಾಡಿಗೇ ಮುದ್ದೆ ಕಿತ್ತು ಹಾರಿ ಮುಂದೆ ನಿಂತಿದ್ದವನ ಬಿಯರಿನೊಳಗೆ ಬಿತ್ತು. ಅವನು ಅದನ್ನು ಕುಡಿದ ಕೂಡ. ಆದರೆ ಕೀಳುವುದಕ್ಕೆ ಮುಂಚೆ ಆ ಡ್ರಮ್ಮು ಒಂದೆರಡು ಸಲ ನಿಜವಾಗಿ ಮಾತಾಡಿತು. ನನಗೆ ಕೇಳಿಸಿತು. ಆ ಕೋಣೆಯಲ್ಲಿ ಅದು ಇನ್ಯಾರಿಗೆ ಕೇಳಿಸೀತು?

ಮರುದಿನ ತಲೆನೋವೆಂದು ಚೀಟಿ ಬರೆದಿಟ್ಟು, ನೀನು ಏಳುವ ಮುಂಚೆಯೇ ಹೊರಟುಬಂದೆ. ರಂಗಪ್ರವೇಶದ ಮಾತು ಆಗಲೇ ಇಲ್ಲ. ಈಗ ನಾನೇ ತೀರ್ಮಾನ ಮಾಡಿದ್ದೇನೆ. ಹಾಲ್ ರದ್ದು ಮಾಡಿಸಿದೆ. ಹಾಡಬೇಕಿದ್ದ ಅನನ್ಯಾಗೂ ಹೇಳಿಯಾಯಿತು. ಅವಳು ಅತ್ತಳು, ನಾನು ಅಳಲಿಲ್ಲ. ಮುಂದಿನ ವರ್ಷವೂ ಬೇಡ. ಎರಡು ದೋಣಿಯ ಮೇಲೆ ಕಾಲಿಟ್ಟವಳನ್ನು ವೇದಿಕೆಗೆ ಹತ್ತಿಸಲು ನನ್ನಿಂದಾಗದು. ಮೈಸೂರಿನಲ್ಲಿ ನನ್ನ ಗುರುಗಳು ನನಗೆ ಕೊಟ್ಟು, ನಾನು ನಿನಗೆ ಕೊಟ್ಟ ಹಲಸಿನ ಮರದ ಮೃದಂಗವನ್ನು, ನಿಮ್ಮಮ್ಮ ಬರುವಾಗ ಕೊಟ್ಟು ಕಳಿಸು. ಕೊರಿಯರಿಗೆ ಹಾಕಬೇಡ, ಒಡೆದುಹಾಕುತ್ತಾರೆ.

ನೆಲ್ಸನ್ನಿನಲ್ಲಿ ಚಳಿ ಹೆಚ್ಚೆಂದು ಕೇಳಿದೆ. ಬಾರಿಸುವ ಮುಂಚೆ ಬೆರಳು ಬೆಚ್ಚಗೆ ಮಾಡಿಕೋ, ಕಿವಿಗೆ ಹತ್ತಿ ಇಟ್ಟುಕೋ, ಇಪ್ಪತ್ತೊಂದಕ್ಕೇ ಕಿವುಡಿಯಾಗಬೇಡ. ಹೊತ್ತಿಗೆ ಸರಿಯಾಗಿ ತಿನ್ನು. ನಿನಗೆ ಒಳ್ಳೆಯದಾಗಲಿ. ಹಲ್ಲು ಕಚ್ಚಿಕೊಂಡು ಹರಸಿದರೂ ಆಶೀರ್ವಾದ ಆಶೀರ್ವಾದವೇ.

ಇತಿ,
ಕಾಮಾಕ್ಷಿ

ಮರೆತ ಮಾತು: ಆ ಜಪಾನಿ ಹುಡುಗಿಯರು ಪಾಪ, ನನಗೇನೂ ಮಾಡಿಲ್ಲ. ಅವರನ್ನು ಬೈದು ಎರಡು ಹಾಳೆ ತುಂಬಿಸಿದೆ. ಅವತ್ತು ನಿಮ್ಮ ಗದ್ದಲ ಮುಗಿದ ಮೇಲೆ ಗಿಟಾರಿನ ಹುಡುಗಿ, ಹಸಿರು ಕೂದಲಿನವಳು, ನನ್ನ ಕೈ ಕುಲುಕಿ, ಹರ್ಷಿಣಿ ನಿಮಗೆ ಹೇಗೆ ಪರಿಚಯ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ನೀನು ಬೆವರು ಒರೆಸಿಕೊಳ್ಳುತ್ತ, "ಓ, ಜಸ್ಟ್ ಎ ಫ್ಯಾಮಿಲಿ ಫ್ರೆಂಡ್," ಅಂದೆ. ನಾನು ನಕ್ಕು, ಹೌದು ಎಂದು ತಲೆಯಾಡಿಸಿದೆ. ಗುರು ಎನ್ನಲು ನಿನಗೆ ನಾಚಿಕೆಯಾಯಿತೇನೋ. ಟೀಚರ್ ಎಂದಿದ್ದರೂ ಸಾಕಿತ್ತು ಹರ್ಷಿ.